ಪಾವಿನ ಹಿಟ್ಟು ತಕ್ಕಡಿಯಲ್ಲಿ ಎಷ್ಟು?

ಊರಿನಿಂದ ಬಂದ ನಾನ್‌ಖಟಾಯಿಯ ಚೀಟಿಯಲ್ಲಿ ಎರಡು ಪಾವು ಮೈದಾ, ಒಂದು ಪಾವು ಸಕ್ಕರೆ, ಒಂದು ಪಾವು ತುಪ್ಪ ಎಂದಿರುತ್ತದೆ. ಇಲ್ಲಿಯ ಅಂಗಡಿಯವನು ಕೊಡುವುದು ತೂಕದಲ್ಲಿ. 80 ತೊಲೆಯ ಸೇರು 933 ಗ್ರಾಂ, ಅದರ ಕಾಲುಭಾಗವಾದ ಪಾವು 233 ಗ್ರಾಂ ಎಂದು ಕೆಲವರು ಲೆಕ್ಕ ಕಟ್ಟುವರು. ಇದು ಸರಿಯಲ್ಲ. ಆ ಸೇರು 1958ರಲ್ಲಿ ಮೆಟ್ರಿಕ್ ತೂಕ ಬರುವ ಮೊದಲಿನ ತಕ್ಕಡಿಯದು. ಅಡಿಗೆಮನೆಯ ಪಾವು ಪಾತ್ರೆಯದು. ಹೆಸರು ಮಾತ್ರ ಒಂದೇ.

ಪಾವಿನ ಗಾತ್ರ ಊರೂರಿಗೂ ಬೇರೆ. ಆದುದರಿಂದ ಮನೆಗೆ ಕಾಗದ ಬರೆದು, ಆ ಪಾವಿನ ತುಂಬ ನೀರು ಹಾಕಿ, ಖಾಲಿ ಪಾವಿನ ತೂಕ ಕಳೆದು, ಎಷ್ಟು ಗ್ರಾಂ ಎಂದು ತಿಳಿಸಲು ಹೇಳಿರಿ. ನೀರಿನ ತೂಕ ತಿಳಿದರೆ ಉಳಿದುದು ಸುಲಭ. ಹಗುರಾಗಿ ತುಂಬಿ ತಲೆ ಒರಸಿದ ಮೈದಾ ನೀರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಗುತ್ತದೆ; ಸಕ್ಕರೆ ಆರರಲ್ಲಿ ಐದು ಪಾಲು; ಕರಗಿದ ತುಪ್ಪ ಹತ್ತರಲ್ಲಿ ಒಂಬತ್ತು.

ನೀರು 250 ಗ್ರಾಂ ಬಂದಿತೆನ್ನಿ. ಎರಡು ಪಾವು ಮೈದಾ ಸುಮಾರು 260 ಗ್ರಾಂ, ಸಕ್ಕರೆ 208, ತುಪ್ಪ 225. ಮೊದಲಿನ ಲೆಕ್ಕದಲ್ಲಿ ಸಕ್ಕರೆ, ತುಪ್ಪ ಹೆಚ್ಚು ಕೆಡುವುದಿಲ್ಲ. ಮೈದಾ ಮಾತ್ರ 466 ಗ್ರಾಂ ಆಗಿ ಹಿಟ್ಟು ಉಂಡೆ ಕಟ್ಟದೆ ಪುಡಿಪುಡಿಯಾಗುತ್ತದೆ. ದುಬಾರಿ ತುಪ್ಪವೂ ಹಾಳು!

ಪಾವನ್ನು ಕುಟ್ಟಿ ತುಂಬಿದರೆ ಮೈದಾ ಐದರಲ್ಲೊಂದು ಪಾಲು ಹೆಚ್ಚೇ ಹಿಡಿಯುತ್ತದೆ. ನಿಮ್ಮ ತಾಯಿಯವರು ಹೇಗೆ ತುಂಬುತ್ತಾರೆಂಬುದನ್ನೂ ಅದೇ ಕಾಗದದಲ್ಲಿ ಕೇಳಿರಿ. ಜರಡಿ ಹಿಡಿದ ಹಿಟ್ಟು ಉಬ್ಬುವುದರಿಂದ ಪಾವಿನ ತುಂಬ ಅಳೆದಾಗ ತೂಕ ಕಡಿಮೆಯಾಗುತ್ತದೆ. ಬೇಕರಿಯ ಭಟ್ಟಿಗೆ ಕೊಡುವವರು ಮೊದಲೇ ತೂಗಿಸಿ ಒಯ್ಯಬಹುದು.