ಅಜ್ಜಿಯ ಬೋರಮಾಳ ಮದುಮಗಳ ಕೊರಳಿಗೆ ಬರಬಹುದೇ?

ಪ್ರಶ್ನೆ: ನಮ್ಮ ಮೂಲ ಊರು ಗದಗ ಜಿಲ್ಲೆಯ ರಾಜೂರ. ಮೊದಲು ರೋಣ ತಾಲ್ಲೂಕಿನಲ್ಲಿತ್ತು, ಈಗ ಗಜೇಂದ್ರಗಡಕ್ಕೆ ಸೇರಿದೆ. ನಾವು ಇಪ್ಪತ್ತೆರಡು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇವೆ. ಬರುವ ಮಾಘದಲ್ಲಿ ಮಗಳ ಮದುವೆ. ಊರಿನಲ್ಲಿರುವ ನಮ್ಮ ಅತ್ತೆಯವರು ತಮ್ಮ ಬೋರಮಾಳ, ಒಂದು ಜೋಡಿ ಪಾಟಲಿ, ಬುಗುಡಿ ಕೊಟ್ಟು, "ಮೊಮ್ಮಗಳು ಇದನ್ನ ಹಾಕ್ಕೊಂಡು ಅಕ್ಕಿಕಾಳಿಗೆ ನಿಂದರಲಿ" ಅಂದಿದ್ದಾರೆ. ಮಾವನವರು ತೀರಿಕೊಂಡು ಆರು ವರ್ಷವಾಯಿತು. "ಅಂಥವರು ತೊಟ್ಟ ಒಡವೆ ಮದುಮಗಳಿಗೆ ಆಗೂದಿಲ್ಲ, ಕರಗಿಸಿ ಹೊಸದು ಮಾಡಿಸ್ರಿ" ಅಂತ ನೆಂಟರು ಹೇಳುತ್ತಾರೆ. ಅಂಗಡಿಯವರು ಪೂರ್ತಿ ಸೆಟ್ ತೋರಿಸುತ್ತಾರೆ, ಅದಕ್ಕೆ ಸಾಲ ಮಾಡಬೇಕಾಗುತ್ತದೆ. ಗಂಡಿನವರು ಮೈಸೂರು ಕಡೆಯವರು, ಅವರ ತಾಳಿಯೇ ಬೇರೆ. ಮದುವೆಗೆ ಯಾವ ಯಾವ ಒಡವೆ ಕಡ್ಡಾಯ? ಅತ್ತೆಯವರ ಒಡವೆ ಹಾಕಿದರೆ ದೋಷವೇ?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದೋಷವಿಲ್ಲ. ಅಜ್ಜಿಯ ಬೋರಮಾಳವನ್ನು ಮಗಳು ಧಾರಾಳವಾಗಿ ಹಾಕಿಕೊಳ್ಳಬಹುದು. ಕರಗಿಸಬೇಕಾಗಿಲ್ಲ. ಯಾಕೆ ಅಂತ ನೋಡೋಣ.

ಮದುವೆಯ ವಿಧಿಗಳನ್ನು ಹೇಳುವ ನಮ್ಮ ಹಳೆಯ ಗ್ರಂಥಗಳು ಗೃಹ್ಯಸೂತ್ರಗಳು. ಅವುಗಳಲ್ಲಿ ಪಾಣಿಗ್ರಹಣ, ಅಗ್ನಿ ಪ್ರದಕ್ಷಿಣೆ, ಲಾಜಹೋಮ, ಸಪ್ತಪದಿಗಳಿಗೆ ಪ್ರಾಧಾನ್ಯ. ಇಂದು ನಾವು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ತಾಳಿ ಕೂಡ ಮುಂದೆ ಲೋಕಾಚಾರದಿಂದ ಬಂದು ನೆಲೆಯಾದದ್ದು. ಹೀಗಿರುವಾಗ ಇಷ್ಟು ತೊಲ ಬಂಗಾರ ಇರಲೇಬೇಕು, ಇಂಥ ಹಾರ ಇರಲೇಬೇಕು ಅಂತ ಶಾಸ್ತ್ರದ ಹೆಸರಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಲೋಕಾಚಾರಕ್ಕೆ ಬೆಲೆ ಇಲ್ಲವೇ? ಇದೆ, ಬಹಳ ಇದೆ. ಆಶ್ವಲಾಯನ ಗೃಹ್ಯಸೂತ್ರವು ವಿವಾಹದ ಪ್ರಕರಣದಲ್ಲಿ, ದೇಶದ ಆಚಾರ ಗ್ರಾಮದ ಆಚಾರ ಬೇರೆ ಬೇರೆಯಾಗಿರುತ್ತವೆ, ಮದುವೆಯಲ್ಲಿ ಅವನ್ನು ಅನುಸರಿಸಬೇಕು ಎನ್ನುತ್ತದೆ. ಆಪಸ್ತಂಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಆಚರಣೆಗಳನ್ನು ಹೆಂಗಸರಿಂದ ಕೇಳಿ ತಿಳಿಯಬೇಕು ಅನ್ನುತ್ತಾರೆ. ಅಂದರೆ ನಿಮ್ಮ ಮನೆಯ ಮದುವೆಯಲ್ಲಿ ಮದುಮಗಳು ಏನು ತೊಡಬೇಕು ಅನ್ನುವುದಕ್ಕೆ ಪ್ರಮಾಣ ಯಾರು? ರಾಜೂರದಲ್ಲಿ ಕೂತಿರುವ ನಿಮ್ಮ ಅತ್ತೆಯವರೇ. ಅವರು ಆಗಲೇ ಹೇಳಿದ್ದಾರೆ.

ಇನ್ನು "ಅಂಥವರು ತೊಟ್ಟ ಒಡವೆ" ಅನ್ನುವ ಮಾತು. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿಕೊಳ್ಳಿ. ತಾಳಿ ಆ ಒಂದು ಮದುವೆಗೆ ಸೇರಿದ್ದು. ಆದ್ದರಿಂದ ಒಬ್ಬರ ತಾಳಿಯನ್ನು ಇನ್ನೊಬ್ಬರಿಗೆ ತಾಳಿಯಾಗಿ ಕಟ್ಟುವ ರೂಢಿ ನಮ್ಮಲ್ಲಿಲ್ಲ. ಮಾವನವರು ಕಟ್ಟಿದ ತಾಳಿಯ ಬಂಗಾರ ಇದ್ದರೆ ಅದನ್ನು ಹಲವು ಮನೆಗಳಲ್ಲಿ ಕರಗಿಸಿ ಬೇರೆ ರೂಪಕ್ಕೆ ತರುತ್ತಾರೆ, ಕೆಲವರು ದೇವರಿಗೆ ಒಪ್ಪಿಸುತ್ತಾರೆ. ಆದರೆ ಬೋರಮಾಳ, ಪಾಟಲಿ, ಬುಗುಡಿ ತಾಳಿಯಲ್ಲ. ಅವು ಸ್ತ್ರೀಧನ. ಅವ್ವನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ, ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬರುವುದೇ ಅವುಗಳ ಸ್ವಭಾವ. ನಮ್ಮ ಹಿರಿಯರ ಪೆಟ್ಟಿಗೆಯಲ್ಲಿದ್ದ ಹಳೆಯ ಒಡವೆಗಳೆಲ್ಲ ಹೀಗೆ ಯಾವುದೋ ಅಜ್ಜಿಯ ಕೊರಳು ದಾಟಿ ಬಂದವೇ.

ಶುದ್ಧಿಯ ಸಂಶಯ ಇದ್ದರೆ ಅದಕ್ಕೂ ಉತ್ತರವಿದೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದ್ರವ್ಯಶುದ್ಧಿ ಹೇಳುವಾಗ, ಅಂಟು ಮೆತ್ತಿಕೊಳ್ಳದ ಬಂಗಾರ ಬರೀ ನೀರಿನಿಂದಲೇ ಶುದ್ಧವಾಗುತ್ತದೆ ಅಂದಿದ್ದಾರೆ. ಬೆಂಕಿಗೆ ಹಾಕಿ ಕರಗಿಸಿ ಅಂತ ಹೇಳಿಲ್ಲ. ಒಡವೆಯನ್ನು ಒರೆಸಿ, ಅರಿಷಿಣ ಕುಂಕುಮ ಏರಿಸಿ, ದೇವರ ಮುಂದೆ ಒಂದು ರಾತ್ರಿ ಇಡಿ. ಊರಿಗೆ ಹೋದಾಗ ನಿಮ್ಮ ಭಾಗದ ಕಾಲಕಾಲೇಶ್ವರನ ಸನ್ನಿಧಿಯಲ್ಲಿ ಇಟ್ಟು ತಂದರೆ ಇನ್ನೂ ಒಳ್ಳೆಯದು. ಅಷ್ಟು ಸಾಕು.

ಇಲ್ಲಿ ನಮ್ಮ ಮನೆಯದೇ ಒಂದು ಮಾತು ಹೇಳಬೇಕು. ಬಹಳ ವರ್ಷದ ಹಿಂದೆ ನಮ್ಮ ತಂಗಿಯ ಮದುವೆಗೆ ನಮ್ಮ ಸೋದರತ್ತೆ ತಮ್ಮ ಟೀಕಿ ಕೊಟ್ಟಿದ್ದರು. ಅವರಿಗೂ ಗಂಡ ಇರಲಿಲ್ಲ. ಯಾರೋ ನಾಲ್ಕು ಜನ ಅಂದರು ಅಂತ ಅದನ್ನು ಕರಗಿಸಿ ನೆಕ್ಲೇಸ್ ಮಾಡಿಸಿದೆವು. ಮದುವೆ ದಿನ ಅತ್ತೆ ಮಂಟಪದ ಹತ್ತಿರ ಬಂದು ಹುಡುಗಿಯ ಕೊರಳು ನೋಡಿದರು. ಏನೂ ಕೇಳಲಿಲ್ಲ. ಹಿಂದೆ ಹೋಗಿ ಅಡುಗೆಮನೆ ಕಡೆ ಕೂತುಬಿಟ್ಟರು. ಆಮೇಲೆ ನಾವು ಎಷ್ಟು ಶಾಸ್ತ್ರ ಓದಿದರೂ ಆ ಒಂದು ನೋಟಕ್ಕೆ ಪರಿಹಾರ ಯಾವ ಗ್ರಂಥದಲ್ಲೂ ಸಿಗಲಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗುವುದು ಬೇಡ.

ಈಗ ಕಡ್ಡಾಯ ಯಾವುದು ಅನ್ನುವ ಪ್ರಶ್ನೆ. ಒಡವೆಗಳನ್ನು ಮೂರು ಗುಂಪು ಮಾಡಿಕೊಳ್ಳಿ, ಅಂಗಡಿಯಲ್ಲಿ ಗೊಂದಲವಾಗುವುದಿಲ್ಲ.

ಮೊದಲನೆಯದು ಬಿಡಬಾರದ್ದು: ತಾಳಿ, ಕರಿಮಣಿ, ಬೆಳ್ಳಿಯ ಕಾಲುಂಗುರ, ಕೈತುಂಬ ಹಸಿರು ಗಾಜಿನ ಬಳೆ. ಇದರ ಜೊತೆಗೆ ಅರಿಷಿಣ ಬೇರಿನ ಕಂಕಣ, ಬಾಸಿಂಗ ಅಥವಾ ದಂಡಿ. ನೋಡಿ, ಇದರಲ್ಲಿ ಬಂಗಾರ ಬರುವುದು ತಾಳಿಯಲ್ಲಿ ಮಾತ್ರ. ಬಳೆ ಗಾಜಿನದು, ಕಂಕಣ ದಾರದ್ದು. ಬಡತನದ ಮನೆಯಲ್ಲಿ ಅರಿಷಿಣದ ಕೊಂಬನ್ನೇ ದಾರಕ್ಕೆ ಕಟ್ಟಿ ಮಾಂಗಲ್ಯ ಮಾಡಿದ್ದಾರೆ, ಆ ಮದುವೆಗಳೂ ಮದುವೆಗಳೇ.

ಎರಡನೆಯದು ಇದ್ದರೆ ಚೆಂದ ಅನ್ನುವಂಥದ್ದು: ಕಿವಿಗೆ ಬೆಂಡೋಲೆ ಅಥವಾ ಝುಮಕಿ, ಮೂಗಿಗೆ ಮೂಗುತಿ ಅಥವಾ ಮುತ್ತಿನ ನತ್ತು, ಕೈಗೆ ಪಾಟಲಿ, ಬೆರಳಿಗೆ ಉಂಗುರ. ಮೂರನೆಯದು ಶಕ್ತಿಗೂ ಇಷ್ಟಕ್ಕೂ ಬಿಟ್ಟದ್ದು: ಬೋರಮಾಳ, ಪುತಳಿ ಸರ, ಟೀಕಿ, ತೋಳಿಗೆ ವಂಕಿ, ನಡುವಿಗೆ ಡಾಬು, ಬೈತಲೆ ಬೊಟ್ಟು. ಅಂಗಡಿಯ ಸೆಟ್ಟು ಬರುವುದು ಈ ಮೂರನೆಯ ಗುಂಪಿನಲ್ಲಿ. ಅದಕ್ಕೋಸ್ಕರ ಸಾಲ ಮಾಡಿ ಎಂದು ಯಾವ ಧರ್ಮವೂ ಹೇಳುವುದಿಲ್ಲ.

ಕಾಲಿಗೆ ಬಂಗಾರ ಹಾಕಬಹುದೇ ಎಂದು ಅನೇಕರು ಕೇಳುತ್ತಾರೆ. ಬಂಗಾರ ಲಕ್ಷ್ಮೀಸ್ವರೂಪ ಅಂತ ಭಾವಿಸಿ ನಮ್ಮಲ್ಲಿ ಕಾಲಿಗೆ ಬೆಳ್ಳಿಯನ್ನೇ ತೊಡುತ್ತಾರೆ. ಅದನ್ನೇ ಪಾಲಿಸಿ. ಹಾಗೆಯೇ ದೇವರ ಮೂರ್ತಿ ಇರುವ ಒಡವೆ ಕೊಂಡರೆ ಅದು ಕೊರಳಿಗೆ ಇರಲಿ, ಕಾಲ್ಗೆಜ್ಜೆಯಲ್ಲಿ ಬೇಡ.

ಎಷ್ಟು ಬಂಗಾರ ಸಾಕು ಅನ್ನುವುದಕ್ಕೆ ಒಂದು ಅಳತೆ ಬೇಕಾದರೆ ಇಲ್ಲಿದೆ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತಿವೆ. ಅಲ್ಲಿ ತಾಳಿ, ಸೀರೆ ಕ್ಷೇತ್ರದಿಂದಲೇ. ನಮ್ಮ ಮುಜರಾಯಿ ಇಲಾಖೆ 'ಸಪ್ತಪದಿ' ಸಾಮೂಹಿಕ ವಿವಾಹ ಯೋಜನೆ ಪ್ರಕಟಿಸಿದಾಗ ವಧುವಿಗೆ ನಿಗದಿ ಮಾಡಿದ ಬಂಗಾರ 8 ಗ್ರಾಂ: ಒಂದು ತಾಳಿ, ಎರಡು ಗುಂಡು. ದೇವರ ಸನ್ನಿಧಿಯಲ್ಲಿ ನಡೆಯುವ ಮದುವೆಗೆ ಅಷ್ಟು ಸಾಕಾದರೆ ಕಲ್ಯಾಣ ಮಂಟಪದ ಮದುವೆಗೂ ಸಾಕಲ್ಲವೇ? ಮಿಕ್ಕಿದ್ದು ಸಂತೋಷಕ್ಕೆ.

ತಾಳಿಯ ವಿಷಯಕ್ಕೆ ಬರೋಣ. ಉತ್ತರ ಕರ್ನಾಟಕದ ಕಡೆ ಕರಿಮಣಿ ಸರದ ನಡುವೆ ಎರಡು ಬಟ್ಟಲು, ಜೊತೆಗೆ ಗುಂಡು ಇರುವ ಮಾಂಗಲ್ಯ ಸಾಮಾನ್ಯ. ಒಂದು ಬಟ್ಟಲು ತವರಿನದು, ಒಂದು ಗಂಡನ ಮನೆಯದು ಅಂತ ನಮ್ಮ ಹೆಂಗಸರು ಅದರ ಅರ್ಥ ಹೇಳುತ್ತಾರೆ. ಲಿಂಗಾಯತ ಮನೆಗಳಲ್ಲಿ ಗುಳದಾಳಿಯೂ ಉಂಟು. ಮೈಸೂರು ಕಡೆ ತಾಳಿಯ ಬೊಟ್ಟು ಬೇರೆ ಆಕಾರದಲ್ಲಿ, ಮನೆಮನೆಗೆ ಬೇರೆಯಾಗಿ ಇರುತ್ತದೆ. ಮುಹೂರ್ತದಲ್ಲಿ ಗಂಡಿನ ಮನೆಯ ಪದ್ಧತಿಯ ತಾಳಿ ಕಟ್ಟಲಿ, ಅದು ಹೆಣ್ಣು ಸೇರುವ ಮನೆಯ ಗುರುತು. ನಿಮ್ಮ ಕಡೆಯ ಬಟ್ಟಲನ್ನು ಅದೇ ಸರಕ್ಕೆ ಪೋಣಿಸಬಹುದು, ಇಲ್ಲವೇ ಬೇರೆ ಕರಿಮಣಿ ಸರದಲ್ಲಿ ಹಾಕಬಹುದು. ಇದನ್ನು ಮಂಟಪದಲ್ಲಿ ಮಾತಾಡುವುದು ಬೇಡ. ಒಡವೆ ಮಾಡಿಸುವ ಮೊದಲೇ ಎರಡೂ ಮನೆಯ ಹೆಂಗಸರು ಕೂತು, ಎರಡೂ ಕಡೆಯ ಪುರೋಹಿತರನ್ನೋ ಅಯ್ಯನವರನ್ನೋ ಕೇಳಿ ತೀರ್ಮಾನಿಸಿಕೊಳ್ಳಲಿ.

ಹಳೆಯ ಒಡವೆ ಉಳಿಸಿಕೊಳ್ಳುವುದರಲ್ಲಿ ವ್ಯವಹಾರದ ಜಾಣತನವೂ ಇದೆ. ಬೋರಮಾಳ ಅಂದರೆ ಬೋರೆಹಣ್ಣಿನ ಆಕಾರದ ಗುಂಡುಗಳ ಸರ. ಹಳೆಯ ಕಾಲದ ಗುಂಡುಗಳ ಒಳಗೆ ಅರಗು ತುಂಬಿರುವುದುಂಟು. ಕರಗಿಸಲು ಕೊಟ್ಟರೆ ಅರಗಿನ ತೂಕ ಕಳೆಯುತ್ತಾರೆ, ಹಿಂದೆ ಪತ್ತಾರರಿಗೆ ಕೊಟ್ಟ ಮಜೂರಿ ಹೋಗುತ್ತದೆ, ಹೊಸ ಒಡವೆಗೆ ಮತ್ತೆ ಮಜೂರಿ, ವೇಸ್ಟೇಜ್ ಕೊಡಬೇಕು. ಅದರ ಬದಲು ಸವೆದ ದಾರ ತೆಗೆಸಿ ಹೊಸದಾಗಿ ಪೋಣಿಸಿ, ಕೊಂಡಿ ಗಟ್ಟಿ ಮಾಡಿಸಿ. ಅರಗು ತುಂಬಿದ ಒಡವೆಯನ್ನು ಬಿಸಿ ನೀರಿಗೆ ಹಾಕಬೇಡಿ, ಶಾಖಕ್ಕೆ ಅರಗು ಇಳಿದುಬಿಡುತ್ತದೆ. ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಬುಗುಡಿ ಕಿವಿಯ ಮೇಲ್ಭಾಗದ ಒಡವೆ. ಈಗಿನ ಹುಡುಗಿಯರಿಗೆ ಅಲ್ಲಿ ತೂತು ಇರುವುದಿಲ್ಲ. ಮಗಳಿಗೆ ಮನಸ್ಸಿಲ್ಲದಿದ್ದರೆ ಮದುವೆಯ ವಾರದಲ್ಲಿ ಕಿವಿ ಚುಚ್ಚಿಸಿ ನೋಯಿಸಬೇಡಿ. ಬುಗುಡಿಯನ್ನು ದೇವರ ಮುಂದೆ ಇಟ್ಟು ಪೂಜೆ ಮಾಡಿ ಪೆಟ್ಟಿಗೆಯಲ್ಲಿಡಿ. ತೊಡುವವಳು ಮುಂದೆ ಯಾವತ್ತಾದರೂ ಬರುತ್ತಾಳೆ.

ಹೊಸದಾಗಿ ಕೊಳ್ಳುವ ತಾಳಿ, ಓಲೆಗಳಿಗೆ ಹಾಲ್‌ಮಾರ್ಕ್ ನೋಡಿಯೇ ಕೊಳ್ಳಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ-ಅಂಕಿ ಸೇರಿದ ಆರು ಗುರುತಿನ ಎಚ್‌ಯುಐಡಿ ಸಂಖ್ಯೆ ಕಡ್ಡಾಯ. ಅದರ ಜೊತೆಗೆ ಬಿಐಎಸ್ ಚಿಹ್ನೆ, ಶುದ್ಧತೆಯ ಗುರುತು ಇರಬೇಕು. 22 ಕ್ಯಾರೆಟ್‌ಗೆ 916 ಅಂತ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಅಂಗಡಿಯಲ್ಲೇ ಪರೀಕ್ಷಿಸಬಹುದು. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯ ಇಲ್ಲ, ಆದ್ದರಿಂದ ಚಿಕ್ಕ ಮೂಗುತಿ, ಗುಂಡು ಕೊಳ್ಳುವಾಗ ಬಿಲ್ಲಿನಲ್ಲಿ ಕ್ಯಾರೆಟ್ ಬರೆಸಿಕೊಳ್ಳಿ.

ಕೆಲವರು ಒಂದು ದಿನದ ಶೋಭೆಗೆ ಬಾಡಿಗೆ ಒಡವೆ, ಒನ್ ಗ್ರಾಂ ಗೋಲ್ಡ್ ಹಾಕುತ್ತಾರೆ. ಅದರಲ್ಲಿ ದೋಷವಿಲ್ಲ. ಬೀಗರ ಮುಂದೆ ಅದೇ ಬಂಗಾರ ಅಂತ ತೋರಿಸಿದರೆ ಮಾತ್ರ ದೋಷ. ತಾಳಿಯೊಂದು ನಿಮ್ಮ ಸ್ವಂತದ್ದಾಗಿರಲಿ.

ಕೊನೆಗೆ ಸ್ತ್ರೀಧನದ ಮಾತು. ಅಗ್ನಿಯ ಮುಂದೆ ಕೊಟ್ಟದ್ದು, ಗಂಡನ ಮನೆಗೆ ಕಳಿಸುವಾಗ ಕೊಟ್ಟದ್ದು, ಪ್ರೀತಿಯಿಂದ ಕೊಟ್ಟದ್ದು, ಅಣ್ಣತಮ್ಮಂದಿರಿಂದ, ತಾಯಿಯಿಂದ, ತಂದೆಯಿಂದ ಬಂದದ್ದು ಅಂತ ಸ್ಮೃತಿಯಲ್ಲಿ ಆರು ಬಗೆ ಹೇಳಿದ್ದಾರೆ. ಅದು ಅವಳದೇ. 1985ರಲ್ಲಿ ಸುಪ್ರೀಂ ಕೋರ್ಟ್ ಕೂಡ ಪ್ರತಿಭಾ ರಾಣಿ ಪ್ರಕರಣದಲ್ಲಿ, ಹೆಣ್ಣು ಗಂಡನ ಮನೆಗೆ ಬಂದ ಮಾತ್ರಕ್ಕೆ ಅವಳ ಸ್ತ್ರೀಧನ ಗಂಡನದಾಗುವುದಿಲ್ಲ ಎಂದು ಹೇಳಿದೆ. ಆದ್ದರಿಂದ ಏನೇನು ಕೊಟ್ಟಿರಿ ಅನ್ನುವುದನ್ನು ತೂಕದ ಸಮೇತ ಬರೆದು ಫೋಟೋ ತೆಗೆದಿಡಿ. ಆ ಪಟ್ಟಿ, ಬಿಲ್ಲು ಮಗಳ ಹತ್ತಿರವೇ ಇರಲಿ. ಇದು ಅಪನಂಬಿಕೆಯಲ್ಲ, ವರದಕ್ಷಿಣೆ ನಿಷೇಧದ ನಿಯಮಗಳೇ ಇಂಥ ಪಟ್ಟಿ ಇಡಬೇಕು ಅನ್ನುತ್ತವೆ. ಇಷ್ಟು ತೊಲ ಹಾಕಲೇಬೇಕು ಅಂತ ಗಂಡಿನವರು ಕೇಳಿದರೆ ಅದು ಸಂಪ್ರದಾಯವಲ್ಲ, 1961ರ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮ ಪತ್ರದಲ್ಲಿ ಅಂಥ ಮಾತಿಲ್ಲ, ಸಂತೋಷ. ಆದರೆ ಇದನ್ನು ಓದುವ ಇತರ ತಾಯಂದಿರಿಗೂ ತಿಳಿದಿರಲಿ.

ಹೀಗೆ ಮಾಡಿ ತಾಯಿ. ಅತ್ತೆಯವರನ್ನು ಮದುವೆಗೆ ಎರಡು ದಿನ ಮೊದಲೇ ಕರೆಸಿಕೊಳ್ಳಿ. ಅರಿಷಿಣದ ನೀರು ಬೀಳುವ ಸ್ನಾನದ ಹೊತ್ತಿಗೆ ಒಡವೆಗಳನ್ನೆಲ್ಲ ತೆಗೆದಿಡಿ. ಸ್ನಾನವಾಗಿ ಸೀರೆ ಉಡಿಸಿದ ಮೇಲೆ ಮಗಳನ್ನು ದೇವರ ಮುಂದೆ ಕೂರಿಸಿ. ಬೋರಮಾಳವನ್ನು ನೀವು ಹಾಕಬೇಡಿ, ಬ್ಯೂಟಿಷಿಯನ್ ಕೈಗೂ ಕೊಡಬೇಡಿ. ಅಜ್ಜಿಯ ಕೈಗೆ ಕೊಡಿ. ಅವರೇ ಮೊಮ್ಮಗಳ ಕೊರಳಿಗೆ ಹಾಕಿ, ತಲೆ ಮೇಲೆ ಕೈಯಿಟ್ಟು ಹರಸಲಿ. ಅವರು "ಬ್ಯಾಡವಾ, ನಾ ಹಾಕಬಾರದು" ಅಂತ ಹಿಂದೆ ಸರಿಯಬಹುದು. ಆಗ ಕೈ ಹಿಡಿದು ಮುಂದೆ ಕರೆತರುವ ಕೆಲಸ ಸೊಸೆಯಾದ ನಿಮ್ಮದು. ಮನೆ ಕಟ್ಟಿ, ಮಕ್ಕಳನ್ನು ಬೆಳೆಸಿ, ಮೊಮ್ಮಗಳ ಮದುವೆ ನೋಡುವ ಭಾಗ್ಯ ಪಡೆದವರ ಕೈ ಅದು. ಆ ಕೈಯ ಹರಕೆಗಿಂತ ಮಂಗಳ ಬೇರೆ ಇಲ್ಲ.

ನೆಂಟರು ಕೇಳಿದರೆ ಒಂದೇ ಮಾತು ಹೇಳಿ: "ನಮ್ಮ ಮನೀ ಪದ್ಧತಿ ಹಿಂಗೈತ್ರಿ, ನಮ್ಮತ್ತಿಯವರೇ ಹೇಳ್ಯಾರ."

ಮಗಳಿಗೂ ಅಳಿಯನಿಗೂ ಶುಭವಾಗಲಿ.