ಬೀಗವೂ ಬೀಗದ ಕೈಯೂ

ಕೊಟ್ಟೂರಿನ ಸೀಮೆಯಲ್ಲಿ ಜೋಳದ ರೊಟ್ಟಿಯು ಜನರ ನಿತ್ಯದ ಆಹಾರ. ಉಂಡ ರೊಟ್ಟಿಯಲ್ಲಿನ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗುತ್ತದೆ. ರಕ್ತದೊಡನೆ ಹರಿದು ದೇಹದ ಮೂಲೆ ಮೂಲೆಗಳನ್ನು ಮುಟ್ಟುತ್ತದೆ. ಆದರೆ ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳ ಬಾಗಿಲು ಅದಕ್ಕೆ ಸುಲಭವಾಗಿ ತೆರೆಯುವುದಿಲ್ಲ. ಆ ಕೋಶಗಳ ಹೊರಮೈಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಇವು ಬೀಗಗಳಿದ್ದಂತೆ. ಮೇದೋಜ್ಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್ ಈ ಬೀಗದ ಕೈ. ಅದು ಗ್ರಾಹಕಕ್ಕೆ ಅಂಟಿಕೊಂಡಾಗ ಬಾಗಿಲು ತೆರೆದು ಸಕ್ಕರೆಯು ಒಳಸೇರುತ್ತದೆ.

ಇನ್ಸುಲಿನ್ ಇಲ್ಲವಾದರೆ, ಅಥವಾ ಇದ್ದರೂ ಕೋಶಗಳು ಅದರ ಕರೆಗೆ ಓಗೊಡದಿದ್ದರೆ, ಸಕ್ಕರೆಯು ರಕ್ತದಲ್ಲಿಯೇ ಉಳಿಯುತ್ತದೆ. ಇದೇ ಮಧುಮೇಹ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನು ಈ ರೋಗದಿಂದ ಸಾವಿನ ಅಂಚಿನಲ್ಲಿದ್ದನು. ಪ್ರಾಣಿಗಳ ಗ್ರಂಥಿಯಿಂದ ತೆಗೆದ ಇನ್ಸುಲಿನ್ ಅವನನ್ನು ಬದುಕಿಸಿತು. ಇಂದು ನಮ್ಮ ಬೆಂಗಳೂರಿನಲ್ಲಿಯೇ ಯೀಸ್ಟ್ ಎಂಬ ಸೂಕ್ಷ್ಮಜೀವಿಯ ನೆರವಿನಿಂದ ಮಾನವ ಇನ್ಸುಲಿನ್ನನ್ನು ತಯಾರಿಸುತ್ತಾರೆ.

ಎಲ್ಲ ಗ್ರಾಹಕಗಳೂ ಕೋಶದ ಹೊರಮೈಯಲ್ಲಿಯೇ ಇರುವುದಿಲ್ಲ. ಕೋಶಕೇಂದ್ರದೊಳಗೆ ‘ಪಿಪಿಎಆರ್’ ಎಂಬ ಗ್ರಾಹಕಗಳುಂಟು. ದೇಹವು ಕೊಬ್ಬನ್ನೂ ಸಕ್ಕರೆಯನ್ನೂ ಬಳಸುವ ಬಗೆಯನ್ನು ನಿರ್ಧರಿಸುವ ಅನೇಕ ಜೀನುಗಳು ಇವುಗಳ ಅಂಕೆಯಲ್ಲಿವೆ. ಪಯೋಗ್ಲಿಟಜೋನ್ ಎಂಬ ರಾಸಾಯನಿಕ ಸಂಯುಕ್ತವು ಇವುಗಳಲ್ಲೊಂದಕ್ಕೆ ಅಂಟಿಕೊಂಡರೆ, ಮರೆತ ಕೋಶಗಳು ಇನ್ಸುಲಿನ್ನಿನ ಕರೆಗೆ ಮತ್ತೆ ಓಗೊಡತೊಡಗುತ್ತವೆ. ಅಹಮದಾಬಾದಿನ ಸಂಸ್ಥೆಯೊಂದು ಕಂಡುಹಿಡಿದ ಸರೋಗ್ಲಿಟಜಾರ್ ಇಂತಹ ಎರಡು ಗ್ರಾಹಕಗಳಿಗೆ ಅಂಟಿಕೊಂಡು, ರಕ್ತದ ಕೊಬ್ಬನ್ನೂ ತಗ್ಗಿಸುತ್ತದೆ. ಇದಕ್ಕೆ 2013ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು.

ಆದರೆ ಒಂದೇ ಬಗೆಯ ಬೀಗವು ದೇಹದ ಹಲವು ಕೋಣೆಗಳಿಗಿದ್ದರೆ, ಬೇಡದ ಬಾಗಿಲೂ ತೆರೆದೀತು. ಪಯೋಗ್ಲಿಟಜೋನ್ ಮೂತ್ರಪಿಂಡಗಳ ಮೇಲೆಯೂ ಪರಿಣಾಮ ಬೀರಿ ದೇಹದಲ್ಲಿ ನೀರನ್ನು ತಡೆಹಿಡಿಯುತ್ತದೆ. ದುರ್ಬಲ ಹೃದಯವುಳ್ಳವರಿಗೆ ಇದು ಅಪಾಯಕರ. ಇದೇ ಗುಂಪಿನ ರೋಸಿಗ್ಲಿಟಜೋನ್ ಹೃದಯಕ್ಕೆ ಕೇಡು ತರಬಹುದೆಂಬ ಕಾರಣದಿಂದ 2010ರಲ್ಲಿ ಭಾರತದಲ್ಲಿ ನಿಷೇಧಕ್ಕೊಳಗಾಯಿತು.

ಆದುದರಿಂದ ನೆರೆಮನೆಯವರಿಗೆ ಗುಣವಾಯಿತೆಂದು ಅವರ ಮಾತ್ರೆಯನ್ನು ನಾವು ನುಂಗುವುದು ವಿವೇಕವಲ್ಲ. ರೋಗದ ಹೆಸರು ಒಂದೇ ಆದರೂ ದೇಹಗಳು ಬೇರೆ ಬೇರೆ. ಯಾರಿಗೆ, ಯಾವ ಔಷಧ, ಎಷ್ಟು ಎಂಬುದನ್ನು ವೈದ್ಯರು ಪರೀಕ್ಷಿಸಿ ನಿರ್ಧರಿಸಬೇಕು. ವೈದ್ಯರು ಕೊಟ್ಟ ಔಷಧವನ್ನು ನಡುವೆ ತಾವಾಗಿಯೇ ನಿಲ್ಲಿಸುವುದೂ ಅಷ್ಟೇ ಹಾನಿಕರ. ಬೀಗಕ್ಕೆ ತಕ್ಕ ಕೈಯನ್ನು ಆರಿಸುವುದು ವಿಜ್ಞಾನ. ಅದನ್ನು ಎಚ್ಚರದಿಂದ ಬಳಸುವುದು ವಿವೇಕ.

ಅಭ್ಯಾಸ
1. ಇನ್ಸುಲಿನ್ನನ್ನು ಬೀಗದ ಕೈಗೆ ಹೋಲಿಸಿರುವುದೇಕೆ?
2. ಒಬ್ಬರ ಔಷಧವನ್ನು ಇನ್ನೊಬ್ಬರು ಸೇವಿಸಬಾರದೇಕೆ? ಪಾಠದ ಆಧಾರದಿಂದ ವಿವರಿಸಿರಿ.