ಸರಳ ಎಡಿಟರ್ ಸಾಕೇ?

ಪ್ರಶ್ನೆ: ಅಹಮದಾಬಾದಿನ ನವರಂಗಪುರದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಕನ್ನಡ ವಿದ್ಯಾರ್ಥಿನಿಯ ಹಳೆಯ ಲ್ಯಾಪ್‌ಟಾಪಿಗೆ ಐಡಿಇ ಭಾರವಾಗುತ್ತಿದೆ. ಸಿ ಭಾಷೆ ಕಲಿಯಲು ಸರಳ ಟೆಕ್ಸ್ಟ್ ಎಡಿಟರ್ ಸಾಕೇ?

ಉತ್ತರ: ಕಲಿಕೆಯ ಹಂತದಲ್ಲಿ ಅದು ಧಾರಾಳವಾಗಿ ಸಾಕು. ಐಡಿಇ ಎಂಬುದು ಕೋಡ್ ಬರೆಯುವ ಎಡಿಟರ್, ಅದನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರ್ ಮತ್ತು ದೋಷದ ಮೂಲವನ್ನು ಪತ್ತೆಹಚ್ಚಲು ನೆರವಾಗುವ ಡಿಬಗರ್ ಇವುಗಳನ್ನು ಒಟ್ಟುಗೂಡಿಸಿದ ತಂತ್ರಾಂಶವಾಗಿದ್ದು, ಇದೇ ಸೌಲಭ್ಯಗಳು ಆದೇಶಗಳನ್ನು ಟೈಪಿಸುವ ಟರ್ಮಿನಲ್‌ನಲ್ಲಿ ಜಿಸಿಸಿ, ಜಿಡಿಬಿ ಎಂಬ ಹೆಸರುಗಳಿಂದ ಬಿಡಿಬಿಡಿಯಾಗಿ ಉಚಿತವಾಗಿ ದೊರೆಯುತ್ತವೆ. 1991ರಲ್ಲಿ ಬ್ರಾಮ್ ಮೂಲೆನಾರ್ ಬಿಡುಗಡೆ ಮಾಡಿದ ವಿಮ್ ಎಡಿಟರ್ ಆಗಲಿ, ಇನ್ನೂ ಸುಲಭವಾದ ನ್ಯಾನೋ ಆಗಲಿ ಹಳೆಯ ಯಂತ್ರದಲ್ಲೂ ಸರಾಗವಾಗಿ ನಡೆಯುವುದಲ್ಲದೆ, ಪ್ರತಿ ಹಂತವನ್ನೂ ಕೈಯಾರೆ ನಡೆಸುವುದರಿಂದ ಪ್ರೋಗ್ರಾಮ್ ರೂಪುಗೊಳ್ಳುವ ಬಗೆ ವಿದ್ಯಾರ್ಥಿಗೆ ಮನದಟ್ಟಾಗುತ್ತದೆ.

ಕನ್ನಡ ಪಠ್ಯವಿರುವ ಕಡತವನ್ನು, ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲೇ ಉಳಿಸಬೇಕು. ಅದರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ, ಒಂದೇ ಅಕ್ಷರವಾಗಿ ಕಾಣುವ ‘ಕ್ಷ’ ವಾಸ್ತವದಲ್ಲಿ 3 ಸಂಕೇತಗಳ, 9 ಬೈಟ್‌ಗಳ ಜಾಗ ಹಿಡಿಯುತ್ತದೆ. ಕಂಪೈಲರಿನ ಎಚ್ಚರಿಕೆಗಳನ್ನು ಮೊದಲ ದಿನದಿಂದಲೇ ಸಕ್ರಿಯವಾಗಿಟ್ಟುಕೊಳ್ಳುವುದು ಒಳಿತು. ನೂರಾರು ಕಡತಗಳಲ್ಲಿ ಹರಡಿದ ಹೆಸರನ್ನು ಒಮ್ಮೆಗೇ ಬದಲಿಸಬೇಕಾದ ದೊಡ್ಡ ಜಾವಾ ಅಥವಾ ಆಂಡ್ರಾಯ್ಡ್ ಯೋಜನೆ ಎದುರಾದಾಗ ಐಡಿಇಗೆ ಹೊರಳಿದರೆ ತಡವೇನೂ ಆಗದು.